ಡಾಜ್ ಮೋಟಾರಿನ ಕೀರ್ತಿ ಹಾಗೂ ಮೈಸೂರಿಗೆ ಬಾರದ ಕಾರ್ಖಾನೆ

ಕೃಷ್ಣಾ ನದಿಯ ದಂಡೆಯ ಮೇಲಿರುವ ಹಿಪ್ಪರಗಿಯನ್ನು ಇಂದು ಹೆಚ್ಚಿನವರು ಬಲ್ಲುದು ಅಲ್ಲಿಯ ಬ್ಯಾರೇಜಿನಿಂದ. ಈ ಲೇಖನದಲ್ಲಿ ನಾವು ಆ ಊರನ್ನು ನೆನೆಯುವುದು ಬೇರೊಂದು ಕಾರಣಕ್ಕಾಗಿ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹಾಕಲಾದ ಎರಡು ರೈಲುಮಾರ್ಗಗಳು ಈ ಸೀಮೆಯನ್ನು ಎರಡೂ ಮಗ್ಗುಲುಗಳಲ್ಲಿ ಬಿಟ್ಟು ಹೋದವು. ಪೂರ್ವದಲ್ಲಿ ಗದಗ–ಹೊಟಗಿ ಮಾರ್ಗವು ಬಾಗಲಕೋಟೆ, ವಿಜಾಪುರಗಳ ಮೇಲೆ ಹಾಯ್ದಿತು. ಪಶ್ಚಿಮದಲ್ಲಿ ಮೀರಜ–ಬೆಳಗಾವಿ ಮಾರ್ಗವು ಕುಡಚಿಯ ಮೇಲೆ ಹಾಯ್ದಿತು. ನಡುವಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಬನಹಟ್ಟಿಗಳು ಉಗಿಬಂಡಿಯ ಸೌಕರ್ಯವಿಲ್ಲದೆ ಉಳಿದವು. ಇವೆರಡು ಮಾರ್ಗಗಳನ್ನು ಕೂಡಿಸುವ ಬಾಗಲಕೋಟೆ–ಕುಡಚಿ ಮಾರ್ಗದ ಕೆಲಸಕ್ಕೆ ಕೈಹಚ್ಚಿದ್ದು 21ನೆಯ ಶತಮಾನದಲ್ಲಿ. ಆದುದರಿಂದ ಬನಹಟ್ಟಿಯ ಸೀರೆ, ಮಹಾಲಿಂಗಪುರದ ಬೆಲ್ಲ, ಹೊಳೆಸಾಲಿನ ಜೋಳ ಇವೆಲ್ಲ ಮೊದಲು ಚಕ್ಕಡಿಯ ಮೇಲೆ, ಅನಂತರ ಮೋಟಾರಿನ ಮೇಲೆ ಪೇಟೆಯನ್ನು ಸೇರಬೇಕಾಯಿತು.

ಇಂತಹ ಸೀಮೆಯಲ್ಲಿ ಮೋಟಾರಿನ ಇತಿಹಾಸವೆಂದರೆ ಕೇವಲ ಅರಸರ ವಿಲಾಸದ ಇತಿಹಾಸವಲ್ಲ. ಸಂಸ್ಥಾನಿಕರ ಅರಮನೆಯ ಮುಂದೆ ನಿಂತ ಕಾರುಗಳ ಭಾವಚಿತ್ರಗಳು ಉಳಿದುಬಂದಿವೆ. ಮೂಟೆ ಹೊತ್ತ ಲಾರಿಗಳ ಭಾವಚಿತ್ರಗಳು ವಿರಳ. ಆದರೆ ಹಳ್ಳಿಯ ಹಿರಿಯರನ್ನು ನಾವು ಮಾತನಾಡಿಸಿದಾಗಲೆಲ್ಲ ಅವರ ನೆನಪಿನಲ್ಲಿ ಮೊದಲು ಎದ್ದು ಬರುವುದು ಲಾರಿಯೇ. ಮಳೆಗಾಲದ ಎರೆಮಣ್ಣಿನಲ್ಲಿ ಯಾವ ಗಾಡಿ ಹುಗಿಯುತ್ತಿತ್ತು, ಯಾವುದು ಎದ್ದು ಬರುತ್ತಿತ್ತು ಎಂಬುದನ್ನು ಅವರು ಎತ್ತಿನ ಗುಣದೋಷಗಳನ್ನು ಹೇಳುವಷ್ಟೇ ಖಚಿತವಾಗಿ ಹೇಳುತ್ತಾರೆ. ಅವರ ಬಾಯಲ್ಲಿ ಬರುವ ಹೆಸರುಗಳಲ್ಲಿ ಡಾಜ್, ಫಾರ್ಗೋ ಎಂಬೆರಡು ಇವೆ. ಇವೆರಡೂ ಅಮೆರಿಕದ ಒಂದೇ ಮನೆತನಕ್ಕೆ ಸೇರಿದ ಹೆಸರುಗಳು.

ಒಂದು ಹೆಸರಿಗೆ ಕೀರ್ತಿ ಬರುವುದು ಹೇಗೆ? ಆ ಹೆಸರು ಸಾಗರವನ್ನು ದಾಟಿ ಬಂದಾಗ ಕೀರ್ತಿಯೂ ಅದರೊಡನೆ ಬರುತ್ತದೆಯೆ? ಈ ಪ್ರಶ್ನೆಗಳನ್ನು ಡಾಜ್ ಮೋಟಾರಿನ ವೃತ್ತಾಂತದಿಂದ ಪರಿಶೀಲಿಸುವುದು ನಮ್ಮ ಉದ್ದೇಶ. ಆ ವೃತ್ತಾಂತದ ಒಂದು ಮುಖ್ಯ ಪ್ರಕರಣವು ಕನ್ನಡ ನಾಡಿನಲ್ಲಿಯೇ ನಡೆಯಬೇಕಾಗಿದ್ದು ನಡೆಯದೆ ಹೋಯಿತೆಂಬುದು ಈ ವಿಷಯವನ್ನು ನಾವು ಆರಿಸಿಕೊಳ್ಳಲು ಇನ್ನೊಂದು ಕಾರಣ.

1

ಜಾನ್ ಡಾಜ್ 1864ರಲ್ಲಿಯೂ, ಹೊರೇಸ್ ಡಾಜ್ 1868ರಲ್ಲಿಯೂ ಅಮೆರಿಕದ ಮಿಚಿಗನ್ ಪ್ರಾಂತದ ನೈಲ್ಸ್ ಎಂಬ ಊರಿನಲ್ಲಿ ಹುಟ್ಟಿದರು. ಅವರ ತಂದೆ ಎರಕ ಹೊಯ್ಯುವ, ಯಂತ್ರಗಳನ್ನು ದುರಸ್ತಿ ಮಾಡುವ ಕಸುಬಿನವರು. ಅಣ್ಣತಮ್ಮಂದಿರು ಅದೇ ಕಸುಬಿನಲ್ಲಿ ಕೈ ಪಳಗಿಸಿಕೊಂಡು, ಕೆಲವು ಕಾಲ ಸೈಕಲ್ಲುಗಳನ್ನು ತಯಾರಿಸಿ, 1900ರ ಸುಮಾರಿಗೆ ಡೆಟ್ರಾಯಿಟ್ ನಗರದಲ್ಲಿ ಒಂದು ಯಂತ್ರಶಾಲೆಯನ್ನು ತೆರೆದರು. ಮೊದಲು ಓಲ್ಡ್ಸ್‌ಮೊಬಿಲ್ ಕಾರಿಗೆ ಗೇರುಪೆಟ್ಟಿಗೆಗಳನ್ನು ಒದಗಿಸಿದರು. 1903ರಲ್ಲಿ ಹೆನ್ರಿ ಫೋರ್ಡನು ತನ್ನ ಕಂಪನಿಯನ್ನು ಸ್ಥಾಪಿಸಿದಾಗ ಎಂಜಿನು, ಗೇರು, ಅಚ್ಚುಗಳನ್ನು ತಯಾರಿಸಿಕೊಡುವ ಹೊಣೆ ಇವರ ಮೇಲೆ ಬಿದ್ದಿತು. ಫೋರ್ಡನ ಹೆಸರು ಹೊತ್ತು ಹೊರಟ ಮೊದಲ ಕಾರುಗಳ ಬಹುಭಾಗವು ವಾಸ್ತವವಾಗಿ ಡಾಜ್ ಸೋದರರ ಯಂತ್ರಶಾಲೆಯಲ್ಲಿ ಆದದ್ದು.

ಆ ಸಂದರ್ಭದಲ್ಲಿ ಅವರು 10,000 ಡಾಲರುಗಳ ಲೆಕ್ಕದಲ್ಲಿ ಫೋರ್ಡ್ ಕಂಪನಿಯ ಶೇಕಡಾ 10ರಷ್ಟು ಷೇರುಗಳನ್ನು ಪಡೆದರು. ಅದರಲ್ಲಿ ಹೆಚ್ಚಿನ ಅಂಶ ನಗದು ಹಣವಾಗಿರದೆ ಒದಗಿಸಿದ ಸಾಮಗ್ರಿಯ ಬೆಲೆಯಾಗಿತ್ತು. 1913ರಲ್ಲಿ ಫೋರ್ಡನೊಡನೆ ಒಪ್ಪಂದವನ್ನು ಕಡಿದುಕೊಳ್ಳುವ ನಿರ್ಧಾರವನ್ನು ಪ್ರಕಟಿಸಿ, 1914ರ ನವೆಂಬರದಲ್ಲಿ ತಮ್ಮ ಸ್ವಂತ ಹೆಸರಿನ ಕಾರನ್ನು ಹೊರತಂದರು. ಲಾಭಾಂಶವನ್ನು ಹಂಚದೆ ತಡೆಹಿಡಿದ ಫೋರ್ಡನ ಮೇಲೆ ಅವರು ಹೂಡಿದ ದಾವೆಯನ್ನು 1919ರಲ್ಲಿ ಮಿಚಿಗನ್ನಿನ ಉಚ್ಚತಮ ನ್ಯಾಯಾಲಯವು ತೀರ್ಮಾನಿಸಿ, ಲಾಭಾಂಶ ಕೊಡಬೇಕೆಂದು ಆಜ್ಞೆ ಮಾಡಿತು. ಈ ತೀರ್ಪು ಕಂಪನಿ ಕಾಯಿದೆಯ ವಿದ್ಯಾರ್ಥಿಗಳಿಗೆ ಇಂದಿಗೂ ಪಾಠವಾಗಿದೆ. ಅದೇ ವರ್ಷ ಸೋದರರು ತಮ್ಮ ಷೇರುಗಳನ್ನು 2.5 ಕೋಟಿ ಡಾಲರುಗಳಿಗೆ ಫೋರ್ಡನಿಗೇ ಮಾರಿದರು.

ಅವರ ಕಾರಿನ ಬೆಲೆ 785 ಡಾಲರು. ಫೋರ್ಡನ ಟಿ ಮಾದರಿಗಿಂತ ಹೆಚ್ಚು. ಆದರೆ ಟಿ ಮಾದರಿಯ ಎಂಜಿನಿನ ಶಕ್ತಿ 20 ಅಶ್ವಬಲವಾಗಿದ್ದರೆ ಇದರದು 35. ಉಳಿದವರು ಮರದ ಚೌಕಟ್ಟಿಗೆ ತಗಡು ಬಡಿಯುತ್ತಿದ್ದ ಕಾಲದಲ್ಲಿ ಇದರ ಮೈ ಪೂರ್ತಿ ಉಕ್ಕಿನದಾಗಿತ್ತು. ಅದನ್ನು ಫಿಲಡೆಲ್ಫಿಯದ ಬಡ್ ಕಂಪನಿ ಮಾಡಿಕೊಡುತ್ತಿತ್ತು. 1916ರಲ್ಲಿ ಅಮೆರಿಕದ ಸೈನ್ಯವು ಮೆಕ್ಸಿಕೊದ ಮರುಭೂಮಿಯಲ್ಲಿ ಪಾಂಚೊ ವಿಲ್ಲಾನನ್ನು ಅರಸಿ ಹೋದಾಗ ಸೇನಾಪತಿ ಪರ್ಷಿಂಗ್ ಡಾಜ್ ಕಾರುಗಳನ್ನು ಬಳಸಿದನು. ಆ ದಂಡಯಾತ್ರೆಯಲ್ಲಿಯೇ ಲೆಫ್ಟಿನೆಂಟ್ ಪ್ಯಾಟನ್ ಮೂರು ಡಾಜ್ ಕಾರುಗಳಲ್ಲಿ ಜನರನ್ನು ಕೂಡಿಸಿಕೊಂಡು ನಡೆಸಿದ ದಾಳಿಯನ್ನು ಆ ಸೈನ್ಯದ ಪ್ರಥಮ ಮೋಟಾರು ದಾಳಿಯೆಂದು ಗಣಿಸುತ್ತಾರೆ. ಡಾಜ್ ಕಂಪನಿಯ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದುದು ನಂಬಿಕೆಗೆ ತಕ್ಕುದು ಎಂಬ ಅರ್ಥದ ಒಂದೇ ಪದ. ವೇಗ, ಸೌಂದರ್ಯಗಳ ಮಾತು ಅಲ್ಲಿ ಹಿಂದಕ್ಕೆ ಸರಿದಿತ್ತು.

ಇಲ್ಲಿ ನಾವು ಗಮನಿಸಬೇಕಾದುದು ಇಷ್ಟು. ಡಾಜ್ ಎಂಬ ಹೆಸರು ಕಾರಿನ ಮೂತಿಯ ಮೇಲೆ ಕಾಣಿಸಿಕೊಳ್ಳುವುದಕ್ಕೆ ಮುಂಚೆ ಹತ್ತಾರು ವರ್ಷ ಆ ಸೋದರರು ಪರರ ಕಾರುಗಳಿಗೆ ಬಿಡಿಭಾಗಗಳನ್ನು ಮಾಡಿಕೊಟ್ಟಿದ್ದರು. ಕೀರ್ತಿಗೆ ಮೂಲವಾದುದು ಆ ಅಭ್ಯಾಸ. ಹೆಸರು ಅನಂತರ ಬಂದಿತು.

2

1920ರಲ್ಲಿ ಜನವರಿ ತಿಂಗಳಲ್ಲಿ ಜಾನನೂ ಡಿಸೆಂಬರದಲ್ಲಿ ಹೊರೇಸನೂ ತೀರಿಕೊಂಡರು. 1925ರಲ್ಲಿ ಅವರ ವಿಧವೆಯರು ಕಂಪನಿಯನ್ನು ನ್ಯೂಯಾರ್ಕಿನ ಡಿಲನ್ ರೀಡ್ ಎಂಬ ಸಾಹುಕಾರಿ ಸಂಸ್ಥೆಗೆ 14.6 ಕೋಟಿ ಡಾಲರುಗಳಿಗೆ ಮಾರಿದರು. 1928ರಲ್ಲಿ ಅದು ವಾಲ್ಟರ್ ಕ್ರೈಸ್ಲರನ ಕೈ ಸೇರಿತು. ಕ್ರೈಸ್ಲರನು ಅದೇ ವರ್ಷ ಪ್ಲಿಮತ್, ಡಿಸೋಟೊ ಎಂಬ ಎರಡು ಹೊಸ ಹೆಸರುಗಳನ್ನೂ ಆರಂಭಿಸಿದ್ದನು. ಅಲ್ಲಿಂದ ಮುಂದೆ ಡಾಜ್ ಎಂಬುದು ಒಂದು ಮನೆತನದ ಕೈಕೆಲಸವಾಗಿ ಉಳಿಯದೆ ಒಂದು ದೊಡ್ಡ ಕಂಪನಿಯ ಹಲವು ಮುದ್ರೆಗಳಲ್ಲಿ ಒಂದಾಯಿತು.

ಇದೇ ಕಾಲದಲ್ಲಿ ಭಾರತದ ರಸ್ತೆಗಳಿಗೆ ಅಮೆರಿಕದ ವಾಹನಗಳು ಹೆಚ್ಚು ಸಂಖ್ಯೆಯಲ್ಲಿ ಇಳಿದವು. ದೇಶವನ್ನು ಆಳುತ್ತಿದ್ದವರು ಆಂಗ್ಲರಾಗಿದ್ದರೂ ರಸ್ತೆಯಲ್ಲಿ ಅಮೆರಿಕದ ಹೆಸರುಗಳೇ ಮೇಲುಗೈ ಪಡೆದುದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ ಕಾರಿನ ಅಶ್ವಬಲವನ್ನು ಸಿಲಿಂಡರಿನ ಅಗಲದಿಂದ ಎಣಿಸಿ ತೆರಿಗೆ ಹಾಕುತ್ತಿದ್ದುದರಿಂದ ಅಲ್ಲಿಯ ತಯಾರಕರು ಚಿಕ್ಕ ಎಂಜಿನುಗಳ ಕಡೆಗೆ ಒಲಿದರು. ಆ ದೇಶದ ರಸ್ತೆಗಳು ನುಣುಪು, ದೂರಗಳು ಕಡಿಮೆ. ಅಮೆರಿಕದ ಒಕ್ಕಲಿಗನಿಗೆ ಬೇಕಾದುದು ಕೆಸರಿನಲ್ಲಿ, ಗಾಡಿಜಾಡಿನಲ್ಲಿ ಭಾರ ಎಳೆಯುವ, ನೆಲದಿಂದ ಎತ್ತರವಾಗಿ ನಿಲ್ಲುವ, ಊರ ಕಮ್ಮಾರನೂ ಬಿಚ್ಚಿ ಜೋಡಿಸಬಹುದಾದ ವಾಹನ. ಕೃಷ್ಣೆಯ ದಂಡೆಯ ಎರೆಭೂಮಿಗೂ ಬೇಕಾದುದು ಅದೇ. ಡೆಟ್ರಾಯಿಟಿನ ವಾಹನಕ್ಕೂ ಹಿಪ್ಪರಗಿಯ ರಸ್ತೆಗೂ ಸಂಬಂಧ ಉಂಟಾದುದು ಇಬ್ಬರ ನೆಲದ ಹೋಲಿಕೆಯಿಂದ.

ಫೋರ್ಡ್ ಕಂಪನಿಯ ಭಾರತೀಯ ಶಾಖೆಯು 1926ರಲ್ಲಿ ಅದರ ಕೆನಡಾ ಕಂಪನಿಯ ಅಂಗವಾಗಿ ಸ್ಥಾಪನೆಗೊಂಡಿತು. 1928ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ಮುಂಬಯಿಯ ಶಿವಡಿಯಲ್ಲಿ ತನ್ನ ಕಾರ್ಖಾನೆಯನ್ನು ತೆರೆಯಿತು. ಇವನ್ನು ಕಾರ್ಖಾನೆಗಳೆಂದು ಕರೆದರೂ ಅಲ್ಲಿ ನಡೆಯುತ್ತಿದ್ದುದು ಜೋಡಣೆ. ಪೆಟ್ಟಿಗೆಗಳಲ್ಲಿ ತುಂಬಿ ಹಡಗಿನಲ್ಲಿ ಬಂದ ಬಿಡಿಭಾಗಗಳನ್ನು ಇಲ್ಲಿ ಕೂಡಿಸಿ ಮಾರುತ್ತಿದ್ದರು. ಜೋಡಿಸುವ ಕೈ ಭಾರತೀಯರದಾಗಿತ್ತು. ಎರಕ, ಕಡೆತ, ನಕ್ಷೆ ಎಲ್ಲವೂ ಹೊರಗಿನವು. ಡಾಜ್ ಸೋದರರ ಕಸುಬಿನಲ್ಲಿ ಮೊದಲ ಮೆಟ್ಟಿಲಾಗಿದ್ದುದು ಇಲ್ಲಿಯವರಿಗೆ ದೊರೆಯಲೇ ಇಲ್ಲ.

3

ಈ ಕೊರತೆಯನ್ನು ಸ್ಪಷ್ಟವಾಗಿ ಕಂಡವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ಮೈಸೂರಿನ ದಿವಾನಗಿರಿಯನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಅವರು ಯುರೋಪು ಅಮೆರಿಕಗಳಲ್ಲಿ ಸಂಚರಿಸಿ ಮೋಟಾರು ಕೈಗಾರಿಕೆಯನ್ನು ಅಭ್ಯಾಸ ಮಾಡಿ ಬಂದರು. 1936ರಲ್ಲಿ ಭಾರತದಲ್ಲಿ ಒಂದು ಮೋಟಾರು ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಯನ್ನು ಮುಂದಿಟ್ಟರು. ಅದಕ್ಕೆ ಕೈಗೂಡಿಸಿದವರು ವಾಲಚಂದ ಹೀರಾಚಂದರು. ಇವರು ನಮ್ಮ ಸೀಮೆಗೆ ನೆರೆಯ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದವರು. ಕಟ್ಟಡ, ಹಡಗು, ಸಕ್ಕರೆ ಮುಂತಾದ ಉದ್ಯಮಗಳಲ್ಲಿ ಹೆಸರಾದವರು.

1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿ ಪ್ರಾಂತದ ಕಾಂಗ್ರೆಸ್ ಮಂತ್ರಿಮಂಡಲವು ಈ ಯೋಜನೆಗೆ ಅನುಕೂಲವಾಗಿತ್ತು. ಆದರೆ 1939ರಲ್ಲಿ ಯುದ್ಧಪ್ರಶ್ನೆಯ ಮೇಲೆ ಆ ಮಂತ್ರಿಮಂಡಲವು ರಾಜೀನಾಮೆ ಕೊಟ್ಟಿತು. ಅದೇ ವರ್ಷ ವಾಲಚಂದರು ಅಮೆರಿಕಕ್ಕೆ ಹೋಗಿದ್ದರು. ಫೋರ್ಡ್, ಜನರಲ್ ಮೋಟಾರ್ಸ್‌ಗಳೊಡನೆ ಮಾತು ಫಲಿಸಲಿಲ್ಲ. ಕ್ರೈಸ್ಲರ್ ಕಂಪನಿಯು ಒಪ್ಪಿಕೊಂಡು, 1940ರಲ್ಲಿ ಕರಾರು ಆಯಿತು. ಡಾಜ್, ಪ್ಲಿಮತ್, ಡಿಸೋಟೊ ಎಂಬ ಹೆಸರುಗಳಿಗೆ ಭಾರತದಲ್ಲಿ ಮನೆ ದೊರೆಯುವ ಸಂದರ್ಭ ಒದಗಿದುದು ಹೀಗೆ.

ಆ ಮನೆಯನ್ನು ಬೆಂಗಳೂರಿನಲ್ಲಿ ಕಟ್ಟಬೇಕೆಂಬ ವಿಚಾರಕ್ಕೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರಕಾರವು ಬೆಂಬಲವಾಯಿತು. ಸ್ಥಳವು ಅಯೋಗ್ಯವಾಗಿರಲಿಲ್ಲ. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಿಂದಲೇ ಲಭ್ಯವಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಿಂದ ನಡೆಯುತ್ತಿತ್ತು. ಆದರೆ ಭಾರತ ಸರಕಾರದ ಸಮ್ಮತಿ ದೊರೆಯಲಿಲ್ಲ. ಮೋಟಾರು ಕಾರ್ಖಾನೆಯು ಯುದ್ಧಕಾರ್ಯಕ್ಕೆ ಅವಶ್ಯವಲ್ಲ, ಯಂತ್ರಸಾಮಗ್ರಿಗೆ ಡಾಲರುಗಳನ್ನು ಒದಗಿಸಲಾಗದು ಎಂಬುದು ಸರಕಾರದ ಪಕ್ಷ. ಆಂಗ್ಲ ಕೈಗಾರಿಕೆಗೆ ಪೇಟೆಯನ್ನು ಕಾದಿಡುವ ಹವಣಿಕೆ ಇದೆಂಬುದು ಯೋಜಕರ ಪಕ್ಷ. ಯುದ್ಧಕಾಲದ ಡಾಲರಿನ ಅಭಾವವು ನಿಜವಾದುದೇ. ಅದನ್ನು ಕೇವಲ ನೆವವೆಂದು ತಳ್ಳಿಹಾಕುವುದು ಇತಿಹಾಸಕಾರನಿಗೆ ತರವಲ್ಲ. ಆದರೆ ಆ ಯುದ್ಧದಲ್ಲಿಯೇ ಕೆನಡಾ ದೇಶದಲ್ಲಿ ತಯಾರಾದ ಸಹಸ್ರಾರು ಫೋರ್ಡ್, ಶೆವ್ರೋಲೆ, ಡಾಜ್ ಸೈನಿಕ ಲಾರಿಗಳು ಸಾಮ್ರಾಜ್ಯದ ಸೇನೆಗಳಿಗೆ ಒದಗಿದುವೆಂಬುದನ್ನು ನೆನೆದರೆ, ಲಾರಿಗಳು ಯುದ್ಧಕ್ಕೆ ಅವಶ್ಯವಲ್ಲವೆಂಬ ವಾದವು ನಿಲ್ಲಲಾರದು. ಸಾಮ್ರಾಜ್ಯದ ಒಂದು ಭಾಗಕ್ಕೆ ತಯಾರಿಸುವ ಹಕ್ಕು, ಇನ್ನೊಂದು ಭಾಗಕ್ಕೆ ಕೊಳ್ಳುವ ಹಕ್ಕು ಎಂಬ ವ್ಯವಸ್ಥೆ ಇದರಲ್ಲಿ ಕಾಣುತ್ತದೆ.

ಈ ಪ್ರಯತ್ನದ ನಡುವೆ ಇನ್ನೊಂದು ಕಾರ್ಯ ಕೈಗೂಡಿತು. 1939ರಲ್ಲಿ ಅಮೆರಿಕದಿಂದ ಮರಳುವಾಗ ವಾಲಚಂದರಿಗೆ ವಿಲಿಯಂ ಪಾಲೆ ಎಂಬ ವಿಮಾನೋದ್ಯಮಿಯ ಪರಿಚಯವಾಗಿತ್ತು. ಅದರ ಫಲವಾಗಿ, ಮೈಸೂರು ಸರಕಾರದ ಸಹಾಯದಿಂದ 1940ರ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ ವಿಮಾನ ಕಾರ್ಖಾನೆಯು ಸ್ಥಾಪಿತವಾಯಿತು. ಯುದ್ಧವು ಏಷ್ಯಕ್ಕೆ ಹಬ್ಬಿದಾಗ, 1942ರಲ್ಲಿ, ಭಾರತ ಸರಕಾರವು ಅದನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಲಾರಿ ಮಾಡಲು ಅನುಮತಿ ದೊರೆಯದ ಊರಿನಲ್ಲಿ ವಿಮಾನಗಳ ದುರಸ್ತಿ ನಡೆಯಿತು.

ಈ ನಿರಾಕರಣೆಯ ಬೆಲೆಯನ್ನು ತೆತ್ತವರು ಯಾರು? ಯುದ್ಧಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಬಸ್ಸುಗಳ ಬೆನ್ನಿಗೆ ಇದ್ದಿಲೊಲೆಯನ್ನು ಕಟ್ಟಿ ಅದರ ಅನಿಲದಿಂದ ಓಡಿಸಬೇಕಾಯಿತು. ಬಿಡಿಭಾಗಗಳು ಸಿಕ್ಕದಾದವು. ರೈಲು ಹತ್ತಿರವಿದ್ದ ಪಟ್ಟಣಗಳು ಹೇಗೋ ಸಾಗಿಸಿಕೊಂಡವು. ರೈಲಿಲ್ಲದ ಸೀಮೆಗಳಿಗೆ ಒಂದು ಗೇರು ಮುರಿದರೆ ಅದು ಬರಿಯ ಗೇರಿನ ಮುರಿತವಾಗಿರದೆ ಪೇಟೆಯ ದಾರಿಯೇ ಮುಚ್ಚಿದಂತಾಗುತ್ತಿತ್ತು. ಕಾರ್ಖಾನೆಯ ಪ್ರಶ್ನೆಯನ್ನು ನಾವು ಬಂಡವಳಿಗರ ಮತ್ತು ಸರಕಾರದ ನಡುವಣ ವ್ಯಾಜ್ಯವೆಂದು ಮಾತ್ರ ಓದಬಾರದೆಂದು ಹೇಳುವುದು ಇದಕ್ಕಾಗಿ.

4

ವಾಲಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಕಾರ್ಖಾನೆಯು ಮುಂಬಯಿಯ ಕುರ್ಲಾದಲ್ಲಿ ಎದ್ದಿತು. 1947ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವು ತಿಂಗಳು ಮುಂಚೆ, ಅಲ್ಲಿಂದ ಮೊದಲ ವಾಹನಗಳು ಹೊರಬಂದವು. 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ 1ರವರೆಗೆ ಈ ಸೀಮೆಯು ಮುಂಬಯಿ ರಾಜ್ಯದಲ್ಲಿಯೇ ಇದ್ದುದರಿಂದ, ಮೈಸೂರಿಗೆ ತಪ್ಪಿಹೋದ ಕಾರ್ಖಾನೆಯು ಹಿಪ್ಪರಗಿಯವರ ಪಾಲಿಗೆ ಒಂದರ್ಥದಲ್ಲಿ ತಮ್ಮ ರಾಜಧಾನಿಯ ಕಾರ್ಖಾನೆಯಾಯಿತು.

ಕುರ್ಲಾದಿಂದ ಹೊರಟ ವಾಹನಗಳ ವಿಷಯದಲ್ಲಿ ಒಂದು ಸಂಗತಿಯು ನಮ್ಮ ಪ್ರಶ್ನೆಗೆ ಬಹಳ ಉಪಯುಕ್ತವಾಗಿದೆ. 1950ರ ದಶಕದಲ್ಲಿ ಪ್ರೀಮಿಯರ್ ಕಂಪನಿಯು ಡಾಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮಾಟ್, ಪ್ಲಿಮತ್ ಸವಾಯ್ ಎಂಬ ಮೂರು ಹೆಸರುಗಳ ಕಾರುಗಳನ್ನು ಮಾರುತ್ತಿತ್ತು. ಇವು ಮೂಲತಃ ಒಂದೇ ಕಾರು. ಮೈ, ಎಂಜಿನು ಪ್ಲಿಮತ್ತಿನವು. ಮುಂದಿನ ಜಾಲರಿ, ಬಿಲ್ಲೆ, ಅಲಂಕಾರಗಳು ಮಾತ್ರ ಬೇರೆ. ಲಾರಿಗಳಲ್ಲಿಯೂ ಹಾಗೆಯೇ. ಒಂದೇ ಲಾರಿಯು ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಡಾಜ್ ಎಂದೂ, ಇನ್ನೊಬ್ಬನಲ್ಲಿ ಫಾರ್ಗೋ ಎಂದೂ, ಮತ್ತೊಬ್ಬನಲ್ಲಿ ಡಿಸೋಟೊ ಎಂದೂ ಮಾರಾಟವಾಗುತ್ತಿತ್ತು. ಇದು ಇಲ್ಲಿಯವರ ಕಪಟವಲ್ಲ. ಪರದೇಶಗಳ ಪೇಟೆಗಾಗಿ ಕ್ರೈಸ್ಲರ್ ಕಂಪನಿಯೇ ಹಾಕಿಕೊಂಡ ಪದ್ಧತಿ. ಡಾಜ್ ಒಳ್ಳೆಯದೋ ಫಾರ್ಗೋ ಒಳ್ಳೆಯದೋ ಎಂದು ಕಟ್ಟೆಯ ಮೇಲೆ ಕುಳಿತು ನಮ್ಮ ಹಿರಿಯರು ಮಾಡಿದ ವಾದಗಳು ಹಾಗಾದರೆ ಅರ್ಥಹೀನವೆ? ಹಾಗೆನ್ನಲು ನಾವು ಸಿದ್ಧರಿಲ್ಲ. ಅವರು ಹೊಗಳುತ್ತಿದ್ದುದು ಬಹುಶಃ ಒಬ್ಬ ಚಾಲಕನ ಕೈಗುಣವನ್ನು, ಒಬ್ಬ ಮಿಸ್ತ್ರಿಯ ನಿಷ್ಠೆಯನ್ನು. ವಾಹನದ ಬಿಲ್ಲೆಗೆ ಸಂದ ಕೀರ್ತಿಯಲ್ಲಿ ಅದನ್ನು ಕಾಪಾಡಿದವರ ಪಾಲೂ ಸೇರಿತ್ತು.

1953ರ ಸುಂಕ ಆಯೋಗದ ಶಿಫಾರಸಿನಂತೆ, ದೇಶದೊಳಗೆ ತಯಾರಿಸುವ ಕಾರ್ಯಕ್ರಮವಿಲ್ಲದೆ ಬರಿಯ ಜೋಡಣೆ ಮಾಡುವವರಿಗೆ ಅವಕಾಶವಿಲ್ಲವೆಂಬ ನೀತಿಯು ಬಲವಾಯಿತು. ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಅದರ ಸುಮಾರಿಗೆ ಭಾರತದ ತಮ್ಮ ಜೋಡಣೆಯ ಕೆಲಸವನ್ನು ನಿಲ್ಲಿಸಿದವು. ವಿಶ್ವೇಶ್ವರಯ್ಯನವರು 1936ರಲ್ಲಿ ಕೇಳಿದ್ದ ಪ್ರಶ್ನೆಗೆ ರಾಷ್ಟ್ರವು ಕೊಟ್ಟ ತಡವಾದ ಉತ್ತರವೆಂದು ಇದನ್ನು ಎಣಿಸಬಹುದು. ವಾಲಚಂದರು ಅದೇ 1953ರ ಏಪ್ರಿಲ್‌ದಲ್ಲಿ ತೀರಿಕೊಂಡರು.

5

ಆದರೆ ತಡವಾದ ಉತ್ತರವು ಸಾಕಾಯಿತೆ? ಪಕ್ಷಪಾತವಿಲ್ಲದೆ ನೋಡಿದರೆ, ಸಾಕಾಗಲಿಲ್ಲವೆಂದೇ ಹೇಳಬೇಕಾಗುತ್ತದೆ. ಅಮೆರಿಕದ ದೊಡ್ಡ ಕಾರುಗಳು ಪೆಟ್ರೋಲನ್ನು ಹೆಚ್ಚು ಕುಡಿಯುತ್ತಿದ್ದವು. ಬಡ ದೇಶದ ಪೇಟೆಗೆ ಅವು ಭಾರವಾದವು. ಪ್ರೀಮಿಯರ್ ಕಂಪನಿಯು ಇಟಲಿಯ ಫಿಯಟ್ ಕಡೆಗೆ ಹೊರಳಿತು. ಅದರ 1100 ಮಾದರಿಯ ವಂಶದ ಕಾರೇ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರನ್ನು ಪಡೆದು, ಆ ಶತಮಾನ ಮುಗಿಯುವವರೆಗೂ ದೊಡ್ಡ ಬದಲಾವಣೆಯಿಲ್ಲದೆ ನಡೆಯಿತು. ಲಾರಿಗಳಲ್ಲಿ ಡೀಸೆಲ್ ಎಂಜಿನಿನ ಕಾಲ ಬಂದಿತು. 1954ರಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಹಕಾರದಿಂದ ಆರಂಭಿಸಿದ ಲಾರಿಯು ಕ್ರಮೇಣ ಹೆದ್ದಾರಿಗಳನ್ನು ಆಕ್ರಮಿಸಿತು. ಡಾಜ್, ಫಾರ್ಗೋಗಳು ಹಿಂದೆ ಬಿದ್ದು, ಕೊನೆಗೆ ಆ ಹೆಸರುಗಳೇ ಅಳಿದುಹೋದವು. ರಕ್ಷಣೆಯ ನೀತಿಯು ಪೇಟೆಯನ್ನು ಕಾದುಕೊಟ್ಟಿತು. ಕೌಶಲವನ್ನು ದಿನದಿನಕ್ಕೆ ಬೆಳೆಸುವ ಕೆಲಸವನ್ನು ಅದು ತಾನಾಗಿ ಮಾಡಲಾರದಾಯಿತು. ಕಾರಿಗಾಗಿ ಗಿರಾಕಿಯು ವರ್ಷಗಟ್ಟಲೆ ಕಾಯುತ್ತಿದ್ದಾಗ, ನಂಬಿಕೆಯನ್ನು ಗಳಿಸಬೇಕೆಂಬ ಒತ್ತಾಯ ತಯಾರಕನಿಗೆ ಎಲ್ಲಿಂದ ಬರಬೇಕು?

ಅಮೆರಿಕದಲ್ಲಿಯೂ ಹೆಸರುಗಳ ಗತಿ ಭಿನ್ನವಾಗಿಲ್ಲ. ಡಿಸೋಟೊ 1960ರಲ್ಲಿ ನಿಂತಿತು. ಪ್ಲಿಮತ್ 2001ರಲ್ಲಿ ನಿಂತಿತು. ಡಾಜ್ ಉಳಿದಿದೆ, ಆದರೆ ಒಡೆಯರು ಮತ್ತೆ ಮತ್ತೆ ಬದಲಾದರು. 2009ರಲ್ಲಿ ಕ್ರೈಸ್ಲರ್ ಕಂಪನಿಯು ದಿವಾಳಿಯ ಕಟ್ಟಳೆಗೆ ಒಳಗಾಯಿತು. ಆ ಸುಮಾರಿಗೆ, ಡಾಜ್‌ಗೆ ಕೀರ್ತಿ ತಂದ ಲಾರಿಗಳನ್ನು ಬೇರ್ಪಡಿಸಿ ರ‍್ಯಾಮ್ ಎಂಬ ಪ್ರತ್ಯೇಕ ಹೆಸರನ್ನು ಕೊಟ್ಟರು. 2021ರಿಂದ ಅದು ಸ್ಟೆಲಾಂಟಿಸ್ ಎಂಬ ಅಂತರರಾಷ್ಟ್ರೀಯ ಕಂಪನಿಯ ಅಂಗವಾಗಿದೆ.

ಮೇಲಿನ ಪರಿಶೀಲನೆಯಿಂದ ನಮಗೆ ತೋರುವ ನಿರ್ಣಯವನ್ನು ಸಂಕ್ಷೇಪವಾಗಿ ಹೇಳಬಹುದು. ಡಾಜ್ ಮೋಟಾರಿನ ಕೀರ್ತಿಯು ಬಿಡಿಭಾಗಗಳನ್ನು ತಪ್ಪಿಲ್ಲದೆ ಮಾಡುವ ಕೈಗಳಿಂದ ಹುಟ್ಟಿತು. ಆ ಕೈಗಳು ಇಲ್ಲವಾದ ಮೇಲೂ ಹೆಸರು ಕೆಲವು ಕಾಲ ನಡೆಯಿತು. ಭಾರತಕ್ಕೆ ಹೆಸರು ಬೇಗ ಬಂದಿತು. ಮಾಡುವ ವಿದ್ಯೆಯು ಬರುವುದನ್ನು ಪರರಾಜ್ಯವು ತಡೆಯಿತು. ಬಂದ ಮೇಲೆ ಅದನ್ನು ಬೆಳೆಸುವುದರಲ್ಲಿ ನಾವು ಸಾಕಷ್ಟು ಎಚ್ಚರ ವಹಿಸಲಿಲ್ಲ. ಮೊದಲ ಎರಡನ್ನು ಮಾತ್ರ ಹೇಳಿ ಮೂರನೆಯದನ್ನು ಬಿಡುವುದು ಇತಿಹಾಸವಾಗದು. ಮೂರನೆಯದನ್ನು ಮಾತ್ರ ಹೇಳಿ ಮೊದಲಿನವನ್ನು ಮರೆಯುವುದೂ ನ್ಯಾಯವಲ್ಲ.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಜಮಖಂಡಿ, ಮುಧೋಳಗಳ ಸಂಸ್ಥಾನಿಕರ ಕಾರುಗಳ ವಿಷಯವನ್ನು ಬರೆಯುವವರು ಮುಂದೆಯೂ ಸಿಗುವರು. ಆದರೆ ಕುಡಚಿಯ ನಿಲ್ದಾಣಕ್ಕೆ ಮಳೆಗಾಲದಲ್ಲಿ ಸೀರೆಯ ಗಂಟುಗಳನ್ನು, ಬೆಲ್ಲದ ಪೆಂಟೆಗಳನ್ನು ಮುಟ್ಟಿಸಿದ ಚಾಲಕರು, ಬಿಡಿಭಾಗ ದೊರೆಯದಾಗ ಕುಲುಮೆಯಲ್ಲಿ ಕಬ್ಬಿಣ ಕಾಸಿ ಹೊಸದನ್ನು ಬಡಿದುಕೊಟ್ಟ ಕಮ್ಮಾರರು, ಇವರನ್ನು ಕಂಡವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಡೆಟ್ರಾಯಿಟಿನ ಯಂತ್ರಶಾಲೆಯಲ್ಲಿ ಡಾಜ್ ಸೋದರರು ಆರಂಭಿಸಿದುದು ಇದೇ ಬಗೆಯ ಕೆಲಸವನ್ನು. ಹಿಪ್ಪರಗಿ, ರಬಕವಿ, ಬನಹಟ್ಟಿಗಳಲ್ಲಿ ಅಂಥವರ ಹೆಸರುಗಳನ್ನೂ ಕೆಲಸದ ವಿವರಗಳನ್ನೂ ಬರೆದಿಟ್ಟುಕೊಳ್ಳುವ ಕಾರ್ಯವನ್ನು ಇನ್ನು ತಡಮಾಡದೆ ಕೈಗೊಳ್ಳಬೇಕಾಗಿದೆ.